ಸೊಟ್ಟಗಾದ ಟ್ರೇ

ಪೊಲೀಸ್ ಕೇಸಿನ ನರ್ಸ್ ಎಂದು ಗೊತ್ತಾದ ಕೂಡಲೇ ಮೂರು ಆಸ್ಪತ್ರೆಗಳು ಕೆಲಸ ಕೇಳಿ ಹೋದ ಅವಳನ್ನು ವಾಪಸು ಕಳಿಸಿದ್ದವು. ನಾಲ್ಕನೆಯದರಲ್ಲಿ ಅವಳು ಕೂರುವ ಮೊದಲೇ ಹೇಳಿಬಿಟ್ಟಳು.

"ಮೇಡಂ, ನನ್ನನ್ನ ಒಂದ್ಸಲ ಅರೆಸ್ಟ್ ಮಾಡಿದ್ರು. ಶಿಕ್ಷೆ ಆಗಿಲ್ಲ. ಬೇಡ ಅನ್ನೋದಾದ್ರೆ ಈಗ್ಲೇ ಹೇಳಿ, ಬಸ್ಸು ಹಿಡೀಬೇಕು."

ಮೇಟ್ರನ್ ಕನ್ನಡಕ ತೆಗೆದರು. "ಏನು ಮಾಡಿದ್ರಿ?"

"ಡಾಕ್ಟರಿಗೆ ಸ್ಟೀಲ್ ಟ್ರೇನಲ್ಲಿ ಹೊಡೆದೆ. ಡ್ರೆಸ್ಸಿಂಗ್ ರೂಮಲ್ಲಿ ಟ್ರೈನಿಂಗ್ ಹುಡುಗಿ ಸೊಂಟಕ್ಕೆ ಕೈ ಹಾಕಿದ್ರು. ಟ್ರೇ ಸೊಟ್ಟಗಾಯ್ತು."

"ಕೇಸು?"

"ನಿಲ್ಲಲಿಲ್ಲ. ಯಾಕೆ ಹೊಡೆದ್ಳು ಅಂತ ಕೋರ್ಟಲ್ಲಿ ಕೇಳ್ತಾರಲ್ಲ, ಅದಕ್ಕೇ ಡಾಕ್ಟರು ಸಾಕ್ಷಿ ಹೇಳೋಕೆ ಬರಲೇ ಇಲ್ಲ."

"ತಪ್ಪು ಮಾಡಿದೆ ಅನ್ಸುತ್ತಾ?"

"ಇಲ್ಲ. ಇನ್ನೊಂದ್ಸಲ ಹಾಗೆ ಮಾಡಿದ್ರೆ ಇನ್ನೊಂದ್ಸಲ ಹೊಡೀತೀನಿ."

"ಆ ಡಾಕ್ಟರ ಹೆಸರೇನು?"

ಹೇಳಿದಳು. ಮೇಟ್ರನ್ ಮುಖ ಬಿಗಿಯಾಯಿತು. ಅವರು ಎದ್ದು ಬಾಗಿಲ ಕಡೆ ನಡೆದರು.

"ಗೊತ್ತಾಯ್ತು ಬಿಡಿ," ಎಂದು ಅವಳು ಬ್ಯಾಗು ಹೆಗಲಿಗೇರಿಸಿಕೊಂಡಳು.

ಮೇಟ್ರನ್ ಬಾಗಿಲು ಹಾಕಿ ತಿರುಗಿದರು.

"ಕೂತ್ಕೋ ತಾಯಿ. ಅವರು ಹೋದ ತಿಂಗಳು ಇಲ್ಲಿಗೇ ಸೇರಿದ್ದಾರೆ. ನಮ್ಮ ಹುಡುಗೀರು ಡ್ರೆಸ್ಸಿಂಗ್ ರೂಮಿಗೆ ಹೋಗೋಕೇ ಹೆದರ್ತಿದ್ದಾರೆ. ನಾಳೆಯಿಂದ ನಿನಗೆ ಅಲ್ಲೇ ಡ್ಯೂಟಿ. ಟ್ರೇ ನಾನು ಕೊಡ್ತೀನಿ."