ಹಳೇ ಧಕ್ಕೆಯ ಹೊಸ ಬೆಂಚು

ಕಪಾಟು ತೆರೆದಾಗ ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನ್ನ ಕಾಲಿಗೆ ಓಡಬೇಕೆನಿಸುತ್ತದೆ.

ಆ ಮಧ್ಯಾಹ್ನ ಅಮ್ಮಮ್ಮ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದಳು. ಕುಂದಾಪುರದ ಹೊಳೆ ಬದಿಯಲ್ಲಿ ಅವಳು ಮೀನು ಮಾರುತ್ತಿದ್ದ ಹಳೇ ಧಕ್ಕೆಗೆ ದೋಣಿಗಳು ಬರುವುದು ನಿಂತು ಬಹುಕಾಲವಾಗಿತ್ತು. ಅಲ್ಲಿ ನೆಲಕ್ಕೆ ಕಲ್ಲು ಹಾಸಿ, ನೀರಿನ ಅಂಚಿಗೆ ಕಂಬಿ ಕಟ್ಟಿ, ಬೆಂಚು ಇಟ್ಟು, ಊರವರ ತಿರುಗಾಟಕ್ಕೆ ತೆರೆದ ಮೊದಲ ದಿನ ಅದು. ಅಲ್ಲಿಯವರೆಗೆ, ಜಾರಿ ಹೊಳೆಗೆ ಬೀಳುತ್ತೇನೆಂದು ಅಮ್ಮಮ್ಮ ನನ್ನನ್ನು ಅಂಚಿನ ಹತ್ತಿರ ಬಿಟ್ಟವಳೇ ಅಲ್ಲ.

“ಈಗ ಕಂಬಿ ಹಾಕಿರ್. ಓಡ್ ಮಗಾ,” ಎಂದಳು.

ಓಡಿದೆ. ಕಾದ ಕಲ್ಲು ಅಂಗಾಲು ಸುಡುತ್ತಿತ್ತು, ಕಂಬಿಯ ಹಸಿ ಬಣ್ಣ ಅಂಗೈಗೆ ಅಂಟಿತು. ಕೆಳಗೆ ಹೊಳೆ, ಆಚೆಗೆ ಅಳಿವೆ, ಅದರಾಚೆ ಕಡಲು. ಇಷ್ಟೆಲ್ಲ ಇಷ್ಟು ಹತ್ತಿರವಿತ್ತೇ? ತಿರುಗಿ ಓಡಿ ಬಂದು ಬೆಂಚಿನಲ್ಲಿದ್ದ ಅಮ್ಮಮ್ಮನ ಮಡಿಲಿಗೆ ಬಿದ್ದೆ. ಸುತ್ತಲೂ ಅವಳ ಜೊತೆ ಮೀನು ಮಾರಿದ ಹೆಂಗಸರು ಹೂ ಮುಡಿದು ಕೂತಿದ್ದರು; ಬುಟ್ಟಿಯಿಲ್ಲದ ಕೈಗಳನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಗಿಡುಗವೊಂದರ ನೆರಳು ನಮ್ಮ ಮೇಲೆ ಹಾದುಹೋಯಿತು. ಅಮ್ಮಮ್ಮ ತಲೆಯೆತ್ತಿ ನೋಡಲೂ ಇಲ್ಲ. ಹಿಂದೆ ಗಿಡುಗ ಬಂದಾಗ ಮೀನಿನ ಬುಟ್ಟಿ ಮುಚ್ಚುತ್ತಿದ್ದ ರೀತಿಯಲ್ಲೇ ಸೆರಗನ್ನು ಸರ್ರನೆ ನನ್ನ ಮೇಲೆ ಹೊದಿಸಿ, ಎರಡೂ ಕೈಯಿಂದ ಒತ್ತಿ ಹಿಡಿದಳು. ನುಸಿಗುಳಿಗೆ ವಾಸನೆಯ ಆ ಕತ್ತಲಲ್ಲಿ ನಾನು ನಗು ತಡೆಯಲಾರದೆ ಒದ್ದಾಡಿದೆ.

“ಹ್ವಾಯ್, ಇವತ್ತ್ ಎಂತ ಮೀನ್?” ಪಕ್ಕದ ಬೆಂಚಿನವಳು ಕೇಳಿದಳು.

“ಇದ್ ಮಾರುದಲ್ಲ ಮಾರಾಯ್ತಿ,” ಎಂದಳು ಅಮ್ಮಮ್ಮ, ಸೆರಗು ತೆಗೆಯದೆ.