ಸಂಸ್ಥೆ ಕಳಿಸಿದ ಎದುರಾಳಿ

ದೊಡ್ಡ ಆಸ್ಪತ್ರೆ ಸಂಸ್ಥೆಯೊಳಗೆ ಸೇರಲು ಒಪ್ಪದ ಡಾಕ್ಟರು ಅಖಾಡಕ್ಕಿಳಿದು ಸಂಸ್ಥೆಯ ಆಳಿನೊಡನೆ ಬಡಿದಾಡಬೇಕು. ಗೆದ್ದರೆ ಮೂರು ವರ್ಷ ದವಾಖಾನೆ ಅವರದೇ. ಇಳಕಲ್ಲಿನ ಮಕ್ಕಳ ಡಾಕ್ಟರು ನೀಲಾಂಬಿಕೆ ಈವರೆಗೆ ಎರಡು ಸಲ ಗೆದ್ದಿದ್ದಳು. ನಾಲ್ಕು ಹಲ್ಲು ಹೋಗಿದ್ದವು.

“ಈ ಸಲ ಸಹಿ ಮಾಡಿಬಿಡ್ರಿ ಅಕ್ಕಾರ,” ಎಂದ ಕಂಪೌಂಡರ್ ಹುಚ್ಚಪ್ಪ, ಅವಳ ಮುಷ್ಟಿಗೆ ಬ್ಯಾಂಡೇಜು ಸುತ್ತುತ್ತ.

“ಮಾಡಿದ್ರ ಒಂದ್ ಕೂಸು ನೋಡಾಕ ಮೂರೇ ನಿಮಿಷ ಕೊಡ್ತಾರ. ಬಿಗಿಯಾಗಿ ಕಟ್ಟು.”

ಎದುರಿಗೆ ಬಂದವನನ್ನು ಕಂಡು ಅವಳ ಕೈ ತಾನಾಗಿ ಇಳಿಯಿತು. ಅವನು ಹುನಗುಂದದ ಡಾಕ್ಟರು ಮೌನೇಶ. ಹೋದ ವರ್ಷ ಇದೇ ಅಖಾಡದಲ್ಲಿ ಎಡಗಣ್ಣನ್ನೂ ದವಾಖಾನೆಯನ್ನೂ ಕಳೆದುಕೊಂಡು ಸಂಸ್ಥೆಗೆ ಸೇರಿದ್ದವನು.

“ಬಿದ್ದುಬಿಡು ನೀಲಾ,” ಎಂದವನೇ ಅವಳ ಪಕ್ಕೆಗೆ ಗುದ್ದಿದ. ಎಲುಬು ಮುರಿದ ಸದ್ದು ಅವಳಿಗೇ ಕೇಳಿಸಿತು. ಅವಳು ಬೀಳಲಿಲ್ಲ. ಅವನಿಗೆ ಕಾಣದ ಎಡಬದಿಗೆ ಸರಿದು ದವಡೆಗೆ ಹೊಡೆದಳು, ಮತ್ತೆ ಹೊಡೆದಳು. ಮೌನೇಶ ರಕ್ತ ಕಾರುತ್ತ ಮೊಣಕಾಲೂರಿ ಕುಸಿದ. ಜನ ಸಿಳ್ಳೆ ಹಾಕಿದರು.

“ಸಾಕು, ಏಳಬ್ಯಾಡ,” ಎಂದು ಅವಳು ಬೇಡಿಕೊಂಡಳು.

“ಎಚ್ಚರ ಇರೂತನಾ ಏಳಾಕಬೇಕು. ಕರಾರಿನ್ಯಾಗ ಬರದೈತಿ,” ಎಂದ ಅವನು, ಕೈಯೂರಿ ಮೇಲೇಳುತ್ತ. “ಎಲ್ಲಿ ಹೊಡದ್ರ ಎಚ್ಚರ ತಪ್ಪತೈತಿ ಅಂತ ನಿನಗ ಗೊತ್ತಲ್ಲ. ಜಲ್ದಿ ಹೊಡಿ.”

ಗೊತ್ತಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವಳು ಅವನ ಗದ್ದ ಹಿಡಿದು, ತಲೆಯನ್ನು ಮೆಲ್ಲನೆ ಓರೆ ಮಾಡಿ, ಕಿವಿಯ ಕೆಳಗೆ ಹೊಡೆದಳು. ತಲೆ ನೆಲಕ್ಕೆ ಅಪ್ಪಳಿಸುವ ಮೊದಲು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎದುರಾಳಿಯನ್ನು ಹಿಡಿದ ತಪ್ಪಿಗೆ ತೀರ್ಪುಗಾರ ಅವಳಿಗೆ ಮೂರರ ಬದಲು ಒಂದೇ ವರ್ಷ ಕೊಟ್ಟ.