ಹೊಸ್ತಿಲಜ್ಜಿಯ ಪುಟ

"ಎರಡು ಸೆಕೆಂಡು," ಎಂದಳು ಮುದುಕಿ. "ಅಷ್ಟರಲ್ಲಿ ಪುಟ ತೆರ್ಕೋಬೇಕು. ಮೂರಾಯ್ತೋ, ನೀನು ಗಂಟುಮೂಟೆ ಕಟ್ಟು."

ಜಿಬೆಕ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ನರಿನ್ ಪಟ್ಟಣದಲ್ಲಿ ಕೂತು ಬ್ಲಾಗಿಗರ ಸೈಟುಗಳನ್ನು ಚುರುಕು ಮಾಡಿಕೊಡುವುದು ಅವಳ ಕಸುಬು. ಉಣ್ಣೆಯ ಹಾಸು ಹೊಲಿಯುವವರು, ಜೇನು ಮಾರುವವರು, ಕುದುರೆ ಸವಾರಿ ಮಾಡಿಸುವವರು, ಎಲ್ಲರದೂ ಒಂದೇ ಗೋಳು. ಪುಟ ತೆರೆಯುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ವಿಡಿಯೊ ಯಾರೂ ನೋಡುವುದಿಲ್ಲ. ಅವರ ಮನೆಗಳಿಗೆಲ್ಲ ಖುಷಿಯಿಂದ ಹೋಗುತ್ತಿದ್ದವಳು ಹಿರಿಯಳೆಂದು ಎಲ್ಲರೂ ಅಪಾ ಎನ್ನುವ ಈ ಮುದುಕಿ ಬುರ್ಮಾಕಾನಳ ಮನೆಗೆ ಮಾತ್ರ ಮೈಯೆಲ್ಲ ಉರಿದುಕೊಂಡೇ ಬಂದಿದ್ದಳು.

ಉರಿಯದೆ ಇರುತ್ತದೆಯೇ? ಈ ಕಣಿವೆಯಲ್ಲಿ ಬುರ್ಮಾಕಾನ್ ಎಂದರೆ ಹೊಸ್ತಿಲಜ್ಜಿ. ಇಲ್ಲಿ ಕೆಲವು ಗಂಡುಗಳು ಮದುವೆಗೆ ಹುಡುಗಿಯನ್ನು ಕೇಳುವುದಿಲ್ಲ, ಹೊತ್ತು ತರುತ್ತಾರೆ. ದಾರಿಯಲ್ಲಿ ಹಿಡಿದು, ಕಾರಿಗೆ ತುಂಬಿ, ಮನೆಯೊಳಗೆ ಪರದೆಯ ಹಿಂದೆ ಕೂರಿಸುತ್ತಾರೆ. ತಲೆಗೆ ಬಿಳಿ ವಸ್ತ್ರ ಕಟ್ಟಲು ಹೆಂಗಸರು ಸುತ್ತ ಕಾಯುತ್ತಾರೆ. ಕಟ್ಟಿಸಿಕೊಂಡರೆ ಮುಗಿಯಿತು, ಅವಳು ಆ ಮನೆಯ ಸೊಸೆ. ಕಾನೂನು ಕೂಡದು ಎನ್ನುತ್ತದೆ, ಅಲ್ಲಿ ಕೂತವರಿಗೆ ಅದು ಕೇಳಿಸುವುದಿಲ್ಲ. ಹುಡುಗಿ ಎದ್ದು ಓಡದಂತೆ ಒಬ್ಬ ಮುದುಕಿ ಹೊಸ್ತಿಲಿಗೆ ಅಡ್ಡ ಮಲಗುತ್ತಾಳೆ. ಹಿರಿಯಳನ್ನು ದಾಟಿದವಳಿಗೆ ಆಕೆಯ ಶಾಪ ತಟ್ಟುತ್ತದೆ, ಹೊಟ್ಟೆಯಲ್ಲಿ ಮಗು ನಿಲ್ಲುವುದಿಲ್ಲ ಎಂದು ಹುಡುಗಿಯರ ಕಿವಿಗೆ ಚಿಕ್ಕಂದಿನಿಂದಲೇ ತುಂಬಿರುತ್ತಾರೆ. ಮನೆಯಲ್ಲಿ ಹಿರಿಯರಿಲ್ಲದವರು ಬುರ್ಮಾಕಾನಳಿಗೆ ಹೇಳಿಕಳಿಸುತ್ತಾರೆ. ಇದುವರೆಗೆ ಹನ್ನೊಂದು ಹುಡುಗಿಯರು. ಒಬ್ಬಳೂ ದಾಟಿಲ್ಲ.

ಹನ್ನೊಂದನೆಯವಳು ಜಿಬೆಕ್‌ಳ ತಂಗಿ ಸಾಲ್ಕಿನ್.

ಈಗ ಈ ಅಜ್ಜಿಗೆ ಬ್ಲಾಗಿನ ಹುಚ್ಚು. ಬೂರ್ಸೋಕ್ ಎಂಬ ಹಿಟ್ಟಿನ ತಿಂಡಿಯನ್ನು ಎಣ್ಣೆಯಲ್ಲಿ ಕರಿಯುವುದನ್ನು ಹೇಳಿಕೊಡುವ ಒಂದು ಬಡಕಲು ಸೈಟನ್ನು ಮೊಮ್ಮಗಳಿಂದ ಮಾಡಿಸಿಕೊಂಡು ಮೂರು ತಿಂಗಳಾಗಿತ್ತು.

"ಏನು ಹುಡುಕಿದ್ರೆ ನಿಮ್ಮ ಪುಟ ಸಿಗಬೇಕು ಅಪಾ? ಬೂರ್ಸೋಕ್ ಅಂತಲಾ?"

"'ನನ್ನನ್ನ ಹೊತ್ಕೊಂಡು ಬಂದಿದ್ದಾರೆ, ಏನು ಮಾಡ್ಲಿ.' ಹೀಗೆ ಕೇಳಿದ್ರೆ ಎಲ್ಲಕ್ಕಿಂತ ಮೊದಲು ನಂದು ಬರಬೇಕು."

ಜಿಬೆಕ್‌ಳ ಬೆರಳು ನಿಂತಿತು. ಒಂದೊಂದೇ ಹೊಸ್ತಿಲಲ್ಲಿ ಮಲಗಿ ಮುದುಕಿಗೆ ಸಾಕಾಗಿಲ್ಲ. ಇನ್ನು ದೇಶದ ಎಲ್ಲ ಹುಡುಗಿಯರ ಫೋನಿನೊಳಗೂ ಅಡ್ಡ ಮಲಗಬೇಕು!

"ನಾನು ಮಾಡಲ್ಲ."

"ಬೇಡ ಬಿಡು. ಬಿಷ್ಕೆಕ್‌ನಿಂದ ಯಾರನ್ನಾದ್ರೂ ಕರೆಸ್ತೀನಿ."

"ನನ್ನನ್ನೇ ಯಾಕೆ ಕರೆಸಿದ್ರಿ? ನಮ್ಮನೆ ಹೊಟ್ಟೆ ಉರಿಸಿದ್ದು ಸಾಲ್ಲಿಲ್ವಾ?"

ಮುದುಕಿ ಚಹಾದ ಬಟ್ಟಲು ಕೆಳಗಿಟ್ಟಳು. "ನಿನ್ನ ತಂಗಿ ಎದ್ದಿದ್ಲು. ನನ್ನ ಹತ್ರ ತನಕ ಬಂದು ನಿಂತ್ಲು. ಆಮೇಲೆ ಹಿಂದೆ ಹೋಗಿ ಕೂತ್ಲು. ಅದಕ್ಕೇ ನಿನ್ನ ಕರೆಸಿದ್ದು."

ಎಂಥ ಕೊಬ್ಬು! ಜಿಬೆಕ್ ಎದ್ದು ಹೊರಟೇಬಿಡುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ರಾಜಧಾನಿ ಬಿಷ್ಕೆಕ್‌ನವಳು ಬಂದರೆ ಕೆಲಸ ಅಚ್ಚುಕಟ್ಟಾಗಿ ಮಾಡಿಬಿಡುತ್ತಾಳೆ. ತಾನೇ ಮಾಡಿದರೆ ಕೆಡಿಸಬಹುದು. ಚಿತ್ರ, ವಿಡಿಯೊ ಯಾವುದನ್ನೂ ಕಿರಿದು ಮಾಡದೆ ಇಡಿಯಾಗಿ ತುಂಬಿದರಾಯಿತು. ಈ ಕಣಿವೆಯ ಸಿಗ್ನಲ್ಲಿಗೆ ಪುಟ ಸುತ್ತುತ್ತಲೇ ಇರುತ್ತದೆ. ಸುಮ್ಮನೆ ಕೂತ್ಕೋ ಎಂಬ ಈ ಮುದುಕಿಯ ಬೋಧನೆ ಇನ್ನೊಬ್ಬ ಹುಡುಗಿಯನ್ನು ತಲುಪಕೂಡದು. ಅವಳು ಮತ್ತೆ ಕೂತಳು.

"ಸರಿ ಹೇಳಿ. ವಿಡಿಯೊಗೆ ಎಂಥ ಹಾಡು ಹಾಕ್ಲಿ?"

"ಹಾಡೂ ಬೇಡ, ಮಾತೂ ಬೇಡ. ಸದ್ದೇ ಇರಬಾರ್ದು."

"ಮೂಕ ವಿಡಿಯೊ ಯಾರು ನೋಡ್ತಾರೆ?"

"ನೋಡೋರು ನೋಡ್ತಾರೆ. ಪುಟ ಕಪ್ಪಗಿರ್ಲಿ, ಫೋನಿಂದ ಬೆಳಕು ಬರಬಾರ್ದು. ಮೇಲ್ಗಡೆ ಬೂರ್ಸೋಕ್ ಚಿತ್ರ ಒಂದಿರ್ಲಿ, ಸಣ್ಣದು. ಯಾರಾದ್ರೂ ಇಣುಕಿದ್ರೆ ಅದೇ ಕಾಣಬೇಕು. ವಿಡಿಯೊ ಹತ್ತು ಸೆಕೆಂಡು."

"ಅಷ್ಟೊಂದು ಅವಸರ ಯಾರಿಗೆ?"

"ಹುಡುಗೀರಿಗೆ. ಈಗಿನವ್ರಿಗೆ ಹೊತ್ತೆಲ್ಲಿದೆ?" ಮುದುಕಿ ಸೊಂಟ ಹಿಡಿದುಕೊಂಡು ಎದ್ದಳು. "ಶನಿವಾರದೊಳಗೆ ಆಗಬೇಕು. ಶನಿವಾರ ಹೊಳೆಯಾಚೆ ಮನೆಗೆ ಕರೆದಿದ್ದಾರೆ."

"ಮಲಗೋಕಾ?"

"ಇನ್ಯಾತಕ್ಕೆ, ಕುಣಿಯೋಕಾ?"

"ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ. ಸೊಂಟಾನೂ ನೋಯುತ್ತೆ. ನಾನು ಹೋಗ್ದೆ ಇದ್ರೆ ಇನ್ನೊಬ್ಳು ಮಲಗ್ತಾಳೆ."

ತಪ್ಪು ಮಾಡುವವರೆಲ್ಲ ಹೇಳುವ ಮಾತು ಇದೇ ಎಂದುಕೊಂಡಳು ಜಿಬೆಕ್. ಶನಿವಾರಕ್ಕೆ ಇನ್ನು ಎರಡೇ ದಿನ. ಎಲ್ಲೋ ಯಾರದೋ ಮಗಳು ಈಗ ಏನೂ ಅರಿಯದೆ ಬಟ್ಟೆ ಒಣಗಿಸುತ್ತಿರಬಹುದು. ಅವಳ ಕೈಯ ಫೋನಿನಲ್ಲಿ ಈ ಪುಟ ತೆರೆಯದಂತೆ ಮಾಡುವುದಷ್ಟೇ ತನ್ನಿಂದಾಗುವ ಉಪಕಾರ.

ಮಧ್ಯಾಹ್ನ ಚಿತ್ರೀಕರಣ. ಮುದುಕಿ ಬಾಗಿಲಿಗೆ ಅಡ್ಡವಾಗಿ ಕೌದಿ ಹಾಸಿ, ನರಳುತ್ತ ಮಲಗಿದಳು. ಸಾಲ್ಕಿನ್ ಹೇಳಿದ್ದ ಹಾಗೆಯೇ: ತಲೆ ಚೌಕಟ್ಟಿನ ಒಂದು ಬದಿಗೆ, ಕಾಲು ಇನ್ನೊಂದಕ್ಕೆ. ಅಂದು ಕಣ್ಣು ಮುಚ್ಚಿಕೊಂಡಿದ್ದಳಂತೆ. ಇವತ್ತು ತೆರೆದಿದ್ದಳು. ಜಿಬೆಕ್ ಫೋನು ಹಿಡಿದು ಎದುರಿಗೆ ನಿಂತಳು.

"ನನ್ನ ಮುಖ ಚೆನ್ನಾಗಿ ಕಾಣ್ತಿದೆಯಾ?" ಎಂದಳು ಮುದುಕಿ. "ನೋಡಿದ ಕೂಡಲೆ ಗುರುತು ಸಿಗಬೇಕು."

"ಕಾಣ್ತಿದೆ. ನಿಮ್ಮ ಮುಖ ಯಾರು ಮರೀತಾರೆ?"

ಮುದುಕಿ ತಲೆವಸ್ತ್ರದ ಮಡಿಕೆಯಿಂದ ಒಂದು ರಟ್ಟಿನ ತುಂಡು ತೆಗೆದು, ಎರಡೂ ಕೈಯಲ್ಲಿ ಕ್ಯಾಮೆರಾದ ಮುಂದೆ ಹಿಡಿದಳು. ಇದ್ದಿಲಿನಲ್ಲಿ ದಪ್ಪಗೆ ಬರೆದಿತ್ತು. ಜಿಬೆಕ್ ಓದಿದಳು. ಮತ್ತೊಮ್ಮೆ ಓದಿದಳು.

"ಹೊಸ್ತಿಲಲ್ಲಿ ಮಲಗಿರೋಳು ನಾನೇ, ಮಗಳೇ. ಶಾಪ ಹಾಕಲ್ಲ. ಸೊಂಟ ಮಾತ್ರ ತುಳೀಬೇಡ, ದಾಟಿ ಓಡು."